ಪಿಕಪ್ ತಂದ ಆ ಅಣ್ಣನಿಗೆ ಥ್ಯಾಂಕ್ಸ್

2018ರ ಆಗಸ್ಟ್ ಮಳೆಲಿ ಕೊಡಗಿನ ಮಕ್ಕಂದೂರು ಕಡೆ ನಮ್ಮ ಗುಡ್ಡದ ಕಾಫಿ ತೋಟಕ್ಕೆ ಪಿಕಪ್ ಹತ್ತಿಸ್ಕೊಂಡು ಬಂದ ಅಣ್ಣಾ, ಆ ಗಡಿಬಿಡಿಲಿ ನಿಮ್ಮ ಹೆಸರು ಕೇಳೋಕೂ ಆಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ತಾತನ ಕಾಲದಲ್ಲಿ ಕಾಫಿ ಎಲ್ಲಾ ಸರ್ಕಾರದ ಕಾಫಿ ಬೋರ್ಡ್ ಪೂಲ್‌ಗೇ ಕೊಡ್ಬೇಕಿತ್ತು, ಎಲ್ಲರ ಕಾಫಿನೂ ಒಟ್ಟು ಮಾಡಿ ಬೋರ್ಡೇ ಮಾರೋದು, ದುಡ್ಡು ಕಂತು ಕಂತಾಗಿ ಬರೋದು, 1996ಕ್ಕೆ ಪೂರ್ತಿ ಫ್ರೀ ಸೇಲ್ ಆಯ್ತು, ಅಂದ್ರೆ ನಾವೇ ಬೇಕಾದವ್ರಿಗೆ ಮಾರ್ಬೋದು, ಆಮೇಲೆ 2001-02ರಲ್ಲಿ ರೇಟ್ ಎಷ್ಟು ಬಿತ್ತು ಅಂದ್ರೆ ನಮಗೆ ಕೊಯ್ಲಿನ ಕೂಲಿನೂ ಹುಟ್ತಿರ್ಲಿಲ್ಲ. ಆಗ್ಲೇ ಅಮ್ಮ ಹಿಂದಿನ ಎರಡು ರೂಮ್‌ಗೆ ಸುಣ್ಣ ಹೊಡೆಸಿ ಬೆಂಗ್ಳೂರಿಂದ ರಜೆಗೆ ಬರೋರಿಗೆ ಕೊಟ್ಟಿದ್ದು. ಕೊಡಗಲ್ಲಿ ಎಷ್ಟೋ ಹೋಮ್‌ಸ್ಟೇ ಶುರುವಾಗಿದ್ದು ಹೀಗೇ, ಶೋಕಿಗಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ, ರಾತ್ರಿ ಕಡಂಬುಟ್ಟು ಪಂದಿ ಕರಿ, ಆ ದುಡ್ಡಲ್ಲೇ ನನ್ನ ಕಾಲೇಜ್ ಫೀಸ್ ಕಟ್ಟಿದ್ರು, ಮೆಣಸಿನ ಬಳ್ಳಿ ಹಬ್ಬಿಸಿದ್ರು.

ಆ 2018ರ ಮಳೆಲಿ ಗುಡ್ಡ ಜಾರ್ತಿರೋವಾಗ ನೀವು ಮೊದಲು ಗೆಸ್ಟ್‌ಗಳನ್ನ, ಜೊತೆಗಿದ್ದ ಅಜ್ಜಿನೂ ಸೇರಿ, ಮಡಿಕೇರಿಗೆ ಬಿಟ್ಟು, ಅದೇ ರೋಡಲ್ಲಿ ವಾಪಸ್ ಬಂದು ನಮ್ಮನ್ನೂ ಕರ್ಕೊಂಡ್ ಹೋದ್ರಿ. ಡೀಸೆಲ್ ದುಡ್ಡೂ ಮುಟ್ಲಿಲ್ಲ! ಆ ಎರಡು ರೂಮ್ ಮಣ್ಣಲ್ಲಿ ಹೋಯ್ತು, ಜನ ಎಲ್ಲಾ ಉಳ್ಕೊಂಡ್ವಿ.

ಈಗ ಮುಂದಿನ ರೂಮಲ್ಲಿ ಮತ್ತೆ ಗೆಸ್ಟ್ ಬರ್ತಿದಾರೆ. ಅಮ್ಮ ನಿಮ್ಮನ್ನ ನೆನೆಸ್ಕೊಳ್ತಾನೇ ಇರ್ತಾರೆ ಅಣ್ಣಾ, ಇದು ಕಣ್ಣಿಗೆ ಬಿದ್ರೆ ಮನೆಯವ್ರನ್ನೆಲ್ಲಾ ಕರ್ಕೊಂಡು ಬನ್ನಿ, ಊಟ ಮಾಡ್ದೆ ಕಳ್ಸಲ್ಲ.