ಟಿವಿಯ ಪೊಲೀಸರು ಬೇರೆ, ನಮ್ಮ ಬೀದಿಗೆ ಬಂದವರು ಬೇರೆ

ಮಾನ್ಯ ಸಂಪಾದಕರೇ,

ನಮ್ಮ ಅಡ್ಡರಸ್ತೆಯ ಸರಗಳ್ಳತನದ ಸುದ್ದಿಯನ್ನು ನೀವೂ ಹಾಕಿದ್ದೀರಿ. 'ನಿದ್ದೆಯಲ್ಲಿ ಖಾಕಿ, ಕಳ್ಳರಿಗೆ ಹಬ್ಬ' ಅಂತ ತಲೆಬರಹ. 'ಎಂದಿನಂತೆ ಪೊಲೀಸರು ತಡವಾಗಿ ಬಂದರು' ಅಂತ ಕೊನೆಯ ಸಾಲು. ಬರೆದವರು ನಮ್ಮ ರಸ್ತೆಗೆ ಬಂದು ಬರೆದರೋ, ಟಿವಿ ನೋಡಿಕೊಂಡು ಕೂತಲ್ಲೇ ಬರೆದರೋ? ಯಾಕೆ ಕೇಳುತ್ತಿದ್ದೇನೆ ಅಂದರೆ ಎದುರುಮನೆ ಅಜ್ಜಿಯ ಸರ ಕಿತ್ತದ್ದು ನಮ್ಮ ಗೇಟಿನ ಪಕ್ಕದಲ್ಲೇ, ತುರ್ತು ಸಹಾಯದ 112ಕ್ಕೆ ಫೋನ್ ಮಾಡಿದ್ದು ನಾನೇ.

ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ತಡವಾಗಿ ಬರಲಿಲ್ಲ ಸ್ವಾಮಿ. ಅಜ್ಜಿಗೆ ಕುರ್ಚಿ ಹಾಕಿ ನೀರು ಕೊಡುತ್ತಿದ್ದೆವು, ಅಷ್ಟರಲ್ಲಿ ಬಂತು. ಅದರಿಂದ ಇಳಿದ ಹೆಡ್ ಕಾನ್‌ಸ್ಟೆಬಲ್‌ಗೆ ನಿವೃತ್ತಿ ಹತ್ತಿರ ಇರಬೇಕು. ಬಂದವರು ಅಜ್ಜಿಯ ಕತ್ತು ನೋಡಿದರು, ಗಾಯಕ್ಕೆ ಏನಾದರೂ ಹಚ್ಚಿ ಅಂದರು. ಅಜ್ಜಿಗೆ ಚಿನ್ನ ಹೋದದ್ದಕ್ಕಿಂತ ತಾಳಿ ಹೋಯಿತಲ್ಲ ಅನ್ನೋ ಸಂಕಟ. ಅದನ್ನು ಕೇಳಿ ಆ ಮನುಷ್ಯ ಪ್ಯಾಂಟ್ ಮೇಲೆತ್ತಿಕೊಂಡು, ಒಂದು ಕಡ್ಡಿ ಹಿಡಿದು ಮೋರಿ ಕೆದಕಿದರು. ನಾವೆಲ್ಲ ಸುಮ್ನೆ ನಿಂತು ನೋಡುತ್ತಿದ್ದೆವು. ಎಳೆದ ರಭಸಕ್ಕೆ ಸರ ತುಂಡಾಗಿತ್ತು. ಒಂದು ತಾಳಿ, ಎರಡು ಗುಂಡು ಮೋರಿಯಲ್ಲೇ ಸಿಕ್ಕಿದವು. ತೊಳೆದು, ನಮ್ಮ ಜಗಲಿ ಮೇಲೆ ಕೂತು ಎಲ್ಲ ಬರೆದುಕೊಂಡರು. ನಡುವೆ ಪೆನ್ನು ನಿಂತಿತು, ನನ್ನ ಮಗಳದ್ದು ಈಸಿಕೊಂಡರು. ಸರ ಕಿತ್ತರೆ ಈಗ ಹೊಸ ದಂಡಸಂಹಿತೆ ಬಿಎನ್‌ಎಸ್‌ನಲ್ಲಿ 304 ಅಂತ ಬೇರೆ ಸೆಕ್ಷನ್ನೇ ಬಂದಿದೆ ಎಂದು ಅಜ್ಜಿಯ ಮಗನಿಗೆ ಬಿಡಿಸಿ ಹೇಳಿದ್ದೂ ಅವರೇ.

ಈ ಯಾವುದೂ ಟಿವಿಯಲ್ಲಿ ಬರಲಿಲ್ಲ. ಯಾಕೆ ಬರುತ್ತೆ ಹೇಳಿ? ಚಾನೆಲ್ಲಿನವರು ಬಂದಾಗ ಆತ ಜಗಲಿ ಮೇಲೆ ಕೂತು ಬರೆಯುತ್ತಿದ್ದರು. ಕ್ಯಾಮೆರಾ ಹಿಡಿದ ಹುಡುಗ "ಸಾರ್, ಸ್ವಲ್ಪ ಎದ್ದು ಓಡಾಡಿ, ಕೈ ತೋರಿಸಿ ಏನಾದ್ರೂ ಹೇಳಿ" ಅಂದ. ಅವರು ಏಳಲಿಲ್ಲ. ಸಂಜೆ ನೋಡಿದರೆ ಆ ಕೂತ ಚಿತ್ರಕ್ಕೇ ಕೆಂಪು ಸುತ್ತು ಹಾಕಿ 'ಆರಾಮಾಗಿ ಕೂತ ಆರಕ್ಷಕ' ಎಂದು ಬರೆದಿದ್ದರು! ಹಿಂದೆ ಢಂ ಢಂ ಅಂತ ಸಂಗೀತ, ಯಾವುದೋ ಊರಿನ ಯಾವುದೋ ಸೈರನ್ನು, ಯಾರದ್ದೋ ಬೂಟು ಓಡುವ ದೃಶ್ಯ, ಮೇಲೆ ಆ ನಿರೂಪಕನ ಕಿರುಚಾಟ. ಕಳ್ಳರ ಬೈಕಿನ ಬಣ್ಣ ಮಾತ್ರ ಕೊನೆವರೆಗೂ ಹೇಳಲಿಲ್ಲ. ಅದನ್ನು ಹೇಳಿದ್ದರೆ ಯಾರಿಗಾದರೂ ಉಪಯೋಗ ಆಗುತ್ತಿತ್ತೇನೋ.

ನನಗೇನಾಯಿತು ಅಂತಲೂ ಕೇಳಿ. ಚಾನೆಲ್ಲಿನವರ ವ್ಯಾನು ನಮ್ಮ ಗೇಟಿಗೆ ಅಡ್ಡ ನಿಂತಿತು, ಸ್ಕೂಟರ್ ಹೊರಗೆ ತೆಗೆಯಲಾಗಲಿಲ್ಲ. ಮಾಗಡಿ ರಸ್ತೆಯಲ್ಲಿ ಬೆಳಗ್ಗೆ ಹತ್ತು ನಿಮಿಷ ತಡವಾದರೆ ಏನಾಗುತ್ತದೆ ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಟ್ಯಾಂಕರ್‌ನವನು ತಿರುವಿನವರೆಗೆ ಬಂದವನು ವಾಪಸ್ ಹೋದ. ವೈರು ಎಳೆಯುವ ಭರದಲ್ಲಿ ಮಲ್ಲಿಗೆ ಕುಂಡ ಒಡೆದರು, ಒಂದು ಕ್ಷಮೆಯ ಮಾತೂ ಇಲ್ಲ. ಆಮೇಲೆ ಶುರುವಾಯಿತು ನೋಡಿ ನೆಂಟರ ಫೋನು. "ನಿಮ್ಮ ಏರಿಯಾ ಅಷ್ಟೊಂದು ಕೆಟ್ಟುಹೋಯ್ತಾ? ಪೊಲೀಸರೇ ಸೇರಿಕೊಂಡಿದಾರಂತೆ?" ಯಾರು ಹೇಳಿದ್ದು? ಟಿವಿಯಲ್ಲಿ ಬಂತಂತೆ. ಮಾರನೇ ದಿನ ನಿಮ್ಮ ಪೇಪರಿನಲ್ಲೂ ಬಂದ ಮೇಲೆ ಕೇಳಬೇಕೇ.

ನಿಮ್ಮ ಸುದ್ದಿಯ ಜೊತೆಗಿದ್ದ ಕಾರ್ಟೂನಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮುಂದೆ ಬಂದ ಹೊಟ್ಟೆ, ದಪ್ಪ ಮೀಸೆ, ತಲೆಯ ಮೇಲೆ ಅಗಲ ಅಂಚಿನ ಸ್ಲೋಚ್ ಹ್ಯಾಟು. ಆ ಹ್ಯಾಟನ್ನು ಸರ್ಕಾರವೇ ಬದಲಾಯಿಸಿ 2025ರ ಅಕ್ಟೋಬರ್‌ನಲ್ಲಿ ಕಾನ್‌ಸ್ಟೆಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಟ್ಟಿತಲ್ಲ, ನಿಮ್ಮಲ್ಲೇ ಫೋಟೋ ಬಂದಿರಬೇಕು. ಪೊಲೀಸರ ತಲೆ ಮೇಲಿನ ಟೋಪಿ ಬದಲಾಯಿತು, ನಿಮ್ಮ ತಲೆಯೊಳಗಿನದ್ದು ಬದಲಾಗಲಿಲ್ಲ.

ನಿಮಗೆಲ್ಲ ಇರುವುದು ಎರಡೇ ಥರದ ಪೊಲೀಸರು. ಒಬ್ಬ ಜೀಪಿನಿಂದ ಹಾರಿ ಇಳಿದು, ಕೋರ್ಟು ಕಚೇರಿ ಯಾವುದೂ ಇಲ್ಲದೆ ನಿಂತಲ್ಲೇ ನ್ಯಾಯ ಕೊಡುವವನು. ಇನ್ನೊಬ್ಬ ಲಂಚ ತಿಂದು ತೂಕಡಿಸುವವನು. ಮೊದಲನೆಯವನ ಮೋಹ ನಮಗೂ ಇತ್ತು, ಇಲ್ಲ ಅನ್ನಲ್ಲ. ಶಂಕರ್‌ನಾಗ್ ಖಾಕಿ ತೊಟ್ಟಾಗ ಶಿಳ್ಳೆ ಹೊಡೆದವರು ನಾವೇ. ಬದುಕಿರುವ ಅಧಿಕಾರಿಯ ಹೆಸರಿನಲ್ಲೇ ಸಿನಿಮಾ ಬಂತು, ಆ ಸಾಂಗ್ಲಿಯಾನ ಅವರು 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೂ ಗೆದ್ದರು. ಅದೆಲ್ಲ ಸರಿ. ಆದರೆ ಪೆನ್ನು ಈಸಿಕೊಂಡು ಬರೆಯುವ, ಮೋರಿಗೆ ಕೈ ಹಾಕುವ ಮೂರನೆಯವನು ನಿಮಗೆ ಕಾಣುವುದೇ ಇಲ್ಲವಲ್ಲ.

ಇದರಿಂದ ಏನಾಗುತ್ತೆ ಗೊತ್ತಾ? ಬೈಕ್ ನಂಬರ್‌ನ ಕೊನೆಯ ಅಂಕಿಗಳನ್ನು ನೋಡಿದವರು ನಮ್ಮ ರಸ್ತೆಯಲ್ಲೇ ಒಬ್ಬರಿದ್ದಾರೆ, ಎಪ್ಪತ್ತು ದಾಟಿದ ಹಿರಿಯರು. ಬಾಯಿ ಬಿಡಲ್ಲ ಅಂದರೆ ಬಿಡಲ್ಲ. "ಸ್ಟೇಷನ್ನಿಗೆ ಕರೀತಾರೆ, ದಿನಗಟ್ಟಲೆ ಕೂರಿಸ್ತಾರೆ, ಟಿವಿಯಲ್ಲಿ ನೋಡಿಲ್ವಾ?" ಅನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ತನಿಖೆ ಹೇಗೆ ನಡೆಸಬೇಕು ಅನ್ನುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 179ನೇ ಸೆಕ್ಷನ್ ಪ್ರಕಾರ ಅರವತ್ತು ದಾಟಿದವರನ್ನೂ ಹೆಂಗಸರನ್ನೂ ಸಾಕ್ಷಿ ಹೇಳಲು ಠಾಣೆಗೆ ಬನ್ನಿ ಅನ್ನುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ಹೇಳಿಕೆಗೆ ಸಹಿ ಕೂಡ ಹಾಕಬೇಕಾಗಿಲ್ಲ. ಇದನ್ನು ಯಾವ ಚಾನೆಲ್ಲಾದರೂ ಒಂದು ಸಲ ಕೆಂಪು ಅಕ್ಷರದಲ್ಲಿ ಓಡಿಸಿದೆಯಾ?

ಇನ್ನೊಂದು ವಿಷಯ. ನಮ್ಮ ದೊಡ್ಡಮ್ಮನನ್ನು 'ಡಿಜಿಟಲ್ ಅರೆಸ್ಟ್' ಅಂತ ವಿಡಿಯೋ ಕಾಲ್‌ನಲ್ಲಿ ಹೆದರಿಸಿ ದುಡ್ಡು ಕಿತ್ತರು. ಯೂನಿಫಾರ್ಮ್ ಹಾಕಿದ್ದ, ಹಿಂದೆ ಬಾವುಟ ಇತ್ತು, ಏಕವಚನದಲ್ಲಿ ಗದರಿಸಿದ, ಅದಕ್ಕೇ ನಂಬಿದೆ ಅನ್ನುತ್ತಾರೆ ದೊಡ್ಡಮ್ಮ. ಗದರಿಸಿದವನೇ ಪೊಲೀಸ್! ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಿದ್ದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ ಮೇಲೆ ಅಸಲಿ ಪೊಲೀಸ್ ಒಬ್ಬರು ಮನೆಗೆ ಬಂದು "ಅಮ್ಮಾ, ಸ್ವಲ್ಪ ವಿವರ ಹೇಳ್ತೀರಾ" ಅಂತ ಮೆತ್ತಗೆ ಕೇಳಿದರು. ದೊಡ್ಡಮ್ಮ ಬಾಗಿಲ ಸರಪಳಿ ತೆಗೆಯಲೇ ಇಲ್ಲ, ಐಡಿ ಕಾರ್ಡ್ ಕೇಳಿದರು. ಇಷ್ಟು ಮೆತ್ತಗೆ ಮಾತಾಡುವವನು ಪೊಲೀಸ್ ಹೇಗಾಗ್ತಾನೆ ಅನ್ನೋ ಅನುಮಾನ. ನಕಲಿಯವನಿಗೆ ಬ್ಯಾಂಕ್ ಖಾತೆ, ಅಸಲಿಯವನಿಗೆ ಸರಪಳಿ. ಸೀರಿಯಲ್ಲು, ಕ್ರೈಂ ಶೋ ಮಾಡುವವರು ಇದಕ್ಕೇನು ಹೇಳುತ್ತಾರೆ?

ಹಾಗಂತ ಪೊಲೀಸರು ದೇವರು ಅಂತ ನಾನು ಬರೆಯುತ್ತಿಲ್ಲ. ಹಿಂದೆ ಇದ್ದ ಬಡಾವಣೆಯಲ್ಲಿ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಬಂದವರು ಕಾಫಿ ಕುಡಿದ ಮೇಲೂ ಏಳಲಿಲ್ಲ, ಯಾಕೆ ಅಂತ ನಿಮಗೆ ಗೊತ್ತು. ತಮ್ಮನ ಗಾಡಿ ಕಳುವಾದಾಗ ಎಫ್‌ಐಆರ್ ಕೇಳಿದರೆ 'ನಾಳೆ ಬನ್ನಿ' ಪುರಾಣ. ಇಂಥ ಅಪರಾಧಕ್ಕೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ, ಅದು ನಮ್ಮ ಠಾಣೆಗಳಿಗೆ ಇನ್ನೂ ನಡೆದುಕೊಂಡು ಬರುತ್ತಿರಬೇಕು. ಅದನ್ನು ಬರೀರಿ, ಹೆಸರು ಹಾಕಿ ಬರೀರಿ, ಯಾರು ಬೇಡ ಅಂದರು? ಅದನ್ನು ಬರೆಯಲು ಠಾಣೆಗೆ ಅಲೆಯಬೇಕು, ಕಾಗದ ಓದಬೇಕು. ಹೊಟ್ಟೆ, ಮೀಸೆ ಬರೆಯಲು ಎಲ್ಲಿಗೂ ಹೋಗಬೇಕಾಗಿಲ್ಲ.

ಕಳ್ಳರು ನಮ್ಮ ರಸ್ತೆಯನ್ನೇ ಯಾಕೆ ಆರಿಸಿಕೊಂಡರು ಅಂತಲೂ ಯಾರೂ ಕೇಳಲಿಲ್ಲ. ಬೀದಿದೀಪ ಕೆಟ್ಟು ಎಷ್ಟು ಕಾಲವಾಯಿತೋ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಬಂದವು, ಒಂದು ಬಲ್ಬು ಬರಲಿಲ್ಲ. ಇನ್ನು ಮೇಲೆ ದೂರು ಕೊಟ್ಟರೆ 'ಅದು ನಮಗೆ ಬರಲ್ಲ' ಅನ್ನುವವರೂ ಐದು ಪಟ್ಟು ಜಾಸ್ತಿ. ಎಲ್ಲಿ ಏನಾದರೂ ಕೈಗೆ ಸಿಗುವುದು ಖಾಕಿ ಹಾಕಿದವನೇ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು, ಮಾರನೇ ದಿನವೇ ಪೊಲೀಸ್ ಕಮಿಷನರ್ ಅಮಾನತು. ಜನ ಸತ್ತ ದಿನ ಆಟಗಾರರ ಸನ್ಮಾನಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಹಾರ ಶಾಲು ಹಿಡಿದು ನಿಂತಿದ್ದವರು ಆರಾಮಾಗಿದ್ದಾರೆ. ಬೈದರೆ ತಿರುಗಿ ಬೈಯದವರನ್ನೇ ಬೈಯುವುದು ಸುಲಭ, ಅಲ್ವಾ?

ನೀವು ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಇರುವೆ ಸಾಲಿನಂತೆ ಹಾಕಬೇಡಿ, ತಪ್ಪು ಬಂದ ಜಾಗದಲ್ಲೇ ಹಾಕಿ. ಆ ಚಾನೆಲ್ಲಿನವರು ಕ್ಷಮೆ ಕೇಳಲಿ, ಇಲ್ಲಾ ಕುಂಡದ ದುಡ್ಡನ್ನಾದರೂ ಕೊಡಲಿ. ಪೊಲೀಸ್ ಇಲಾಖೆಯವರೂ ರೀಲ್ಸ್ ಮಾಡಿ ಹಾಕುವುದು ಬಿಟ್ಟು, ಸಾಕ್ಷಿ ಹೇಳುವವರಿಗೆ ಏನು ಹಕ್ಕಿದೆ ಎಂದು ಠಾಣೆ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಲಿ. ದೀಪದ ವಿಷಯ ಐದರಲ್ಲಿ ಯಾವ ಪಾಲಿಕೆಯವರದೋ ಅವರು ನೋಡಲಿ. ಯಾರೂ ಏನೂ ಮಾಡಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನು ಹಾಕುವುದಾದರೆ ಪೂರ್ತಿ ಹಾಕಿ. ನಿಮ್ಮ ಪೇಪರನ್ನು ಬೈದ ಸಾಲುಗಳನ್ನೆಲ್ಲ ಕತ್ತರಿಸಿ, ಪೊಲೀಸರನ್ನು ಬೈದದ್ದನ್ನು ಮಾತ್ರ ಉಳಿಸಬೇಡಿ.

– ನೊಂದ ಓದುಗ, ಬೆಂಗಳೂರು