ಚಿಕ್ಕಮ್ಮನ ಕಾದಂಬರಿಗೆ ಮುಖಪುಟ ಬಿಡಿಸುವವಳಿಗೆ

ಶಿರಸಿ

ಪ್ರೀತಿಯ ಹುಡುಗಿಗೆ,

ಏಳು ಕರಡುಗಳೂ ಕೈಸೇರಿದವು. ಏಳರಲ್ಲೂ ಅಡಿಕೆ ತೋಟ, ಹೆಂಚಿನ ಮನೆ, ಆಚೆ ಮಳೆ, ಮೂಲೆಯಲ್ಲೊಂದು ಯಕ್ಷಗಾನದ ಕಿರೀಟ. ಕತೆ ಬರೆಯುವವರು ಕುಂಚ ಹಿಡಿದರೆ ಹೀಗೇ, ಇಡೀ ಕಾದಂಬರಿಯನ್ನು ರಟ್ಟಿನ ಮೇಲೆಯೇ ಹೇಳಿಬಿಡುವ ಆತುರ. ಶೀರ್ಷಿಕೆಗೆ ಮಾತ್ರ ಎಲ್ಲೂ ಜಾಗವಿಲ್ಲ.

ಮೊದಲು ಅಕ್ಷರ ಬರೆ, ಆಮೇಲೆ ಚಿತ್ರ. ಕನ್ನಡದ ಸಾಲು ಮೇಲೂ ಕೆಳಗೂ ಬೆಳೆಯುತ್ತದೆ. ಮೇಲೆ ಗುಡಿಸು (‘ಕಿ’ಯ ನೆತ್ತಿಯ ಸುರುಳಿ), ಕೆಳಗೆ ಒತ್ತು. ಶೀರ್ಷಿಕೆ ಎರಡು ಸಾಲಾದರೆ ಮೇಲಿನದರ ಒತ್ತು ಕೆಳಗಿನದರ ಗುಡಿಸಿಗೆ ತಾಗುತ್ತದೆ. ಹಾಗಾಗಿ ಟ್ರೇಸಿಂಗ್ ಹಾಳೆಯಲ್ಲಿ ನಿಜವಾದ ಅಳತೆಗೆ ಶೀರ್ಷಿಕೆ, ಚಿಕ್ಕಮ್ಮನ ಹೆಸರು ಎರಡನ್ನೂ ಬರೆದು, ಪ್ರತಿ ಕರಡಿನ ಮೇಲೂ ಇಟ್ಟು ನೋಡು. ಅಕ್ಷರದ ಹಿಂದೆ ಒಂದೇ ಛಾಯೆ ಇರಲಿ: ಕಾರವಾರದ ಮೋಡದ ಬಾನಾಗಲಿ, ಸುಣ್ಣದ ಗೋಡೆಯಾಗಲಿ. ಅಡಿಕೆ ಸೋಗೆಯ ಮೇಲೆ ಮಾತ್ರ ಕೂರಿಸಬೇಡ. ಸೋಗೆಯ ಗೀರು, ಅಕ್ಷರದ ಗೀರು ಒಂದಕ್ಕೊಂದು ಹೆಣೆದುಕೊಂಡು ಎರಡೂ ಕಾಣದಂತಾಗುತ್ತವೆ.

ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿ ತೆಗೆದದ್ದು. ಕೆಂಪು, ಬಿಳಿ ಎರಡೇ. ಅಂಗಳದಿಂದಲೂ ಕಾಣುತ್ತದೆ. ಮೊಬೈಲಿನಲ್ಲಿ ಅಂಚೆಚೀಟಿಯಷ್ಟಾಗುವ ಮುಖಪುಟಕ್ಕೆ ಬೇಕಾದದ್ದೂ ಅದೇ ಗುಣ.

ಡೆಮಿ 1/8 ಪುಸ್ತಕ, ಅಂದರೆ ಡೆಮಿ ಹಾಳೆಯ ಎಂಟನೇ ಒಂದು ಭಾಗದ್ದು, ಕತ್ತರಿಸಿದ ಮೇಲೆ 5.5 × 8.5 ಇಂಚು. ನೀನು ಒಂದೂವರೆ ಪಟ್ಟು ದೊಡ್ಡದಾಗಿ, 8.25 × 12.75 ಇಂಚಿಗೆ ಬಿಡಿಸು. ಕುಗ್ಗಿಸಿದಾಗ ಕುಂಚದ ನಡುಕ ಅಡಗುತ್ತದೆ. ಮುದ್ರಣಕ್ಕೆ ಅಂಚಿನಾಚೆ 3 ಮಿ.ಮೀ. ಹೆಚ್ಚುವರಿ ಬಣ್ಣ ಬೇಕು, ನಿನ್ನ ಅಳತೆಯಲ್ಲಿ ಅರ್ಧ ಸೆಂಟಿಮೀಟರ್. ಅದಿಲ್ಲದಿದ್ದರೆ ಕತ್ತರಿ ಕೂದಲೆಳೆ ಸರಿದರೂ ಬಿಳಿ ಗೆರೆ ಇಣುಕುತ್ತದೆ. ಪುಸ್ತಕದ ಬೆನ್ನಿನ ದಪ್ಪವನ್ನು ಊಹಿಸಬೇಡ. ಇನ್ನೂರು ಪುಟವೆಂದರೆ ನೂರು ಹಾಳೆ. ಮುದ್ರಕರಿಂದ ಒಳಪುಟಗಳ ಅದೇ ಕಾಗದ ಅಷ್ಟು ತರಿಸಿ, ಒತ್ತಿಹಿಡಿದು ಅಳೆ.

ಈ ಮಳೆಗಾಲದಲ್ಲಿ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವೂ ಥಂಡಿ ಹಿಡಿಯುತ್ತದೆ. ಒಣಗಿತೆಂದು ನೀರುಬಣ್ಣದ ಎರಡನೇ ಪದರ ಬಳಿದರೆ ಮೊದಲನೆಯದು ಎದ್ದು ಹೂಕೋಸಿನ ಅಂಚಿನಂಥ ಕಲೆ ಕೂರುತ್ತದೆ. ಹಿಂಗೈ ತಾಗಿಸಿ ನೋಡು, ತಣ್ಣಗಿದ್ದರೆ ಇನ್ನೂ ಹಸಿ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡ. ಬೂಷ್ಟು ಬರಲಿಕ್ಕಿಲ್ಲ, ಆದರೆ ಹೊಗೆ ಕುಡಿದು ಕಾಗದ ಹಳದಿಯಾಗುತ್ತದೆ. ಸೊಟ್ಟಗಾದ ಹಾಳೆ ಸ್ಕ್ಯಾನರಿನ ಗಾಜಿಗೆ ಅಂಟದೆ ಅಂಚು ಮಸುಕಾಗುತ್ತದೆ. ಹಾಳೆಯ ಹಿಂಬದಿಗೆ ಒದ್ದೆ ಬಟ್ಟೆ ಸವರಿ, ಎರಡು ದಿನ ಭಾರದ ಪುಸ್ತಕಗಳಡಿ ಇಡು. ಎ4 ಸ್ಕ್ಯಾನರಿಗೆ ಈ ಚಿತ್ರ ಹಿಡಿಸುವುದಿಲ್ಲ. ಎರಡು ಭಾಗ ಮಾಡಿ, ಎರಡಿಂಚು ಒಂದರ ಮೇಲೊಂದು ಬರುವಂತೆ ತೆಗೆದು ಜೋಡಿಸಬೇಕು.

ನಾಲ್ಕು ಬಣ್ಣದ ಮುದ್ರಣದಲ್ಲಿ ಎಳೆ ಭತ್ತದ ಹಸಿರು ಕಳೆಗುಂದುತ್ತದೆ, ತೋಟದೊಳಗಿನ ಹಸಿರು ಕಪ್ಪಾಗುತ್ತದೆ. ಮ್ಯಾಟ್ ಲ್ಯಾಮಿನೇಷನ್ (ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ) ಹಾಕಿದರೆ ಇನ್ನೂ ಮಂಕು. ಕಡುಬಣ್ಣಗಳನ್ನು ಕಣ್ಣಿಗೆ ಹಿತವೆನಿಸುವುದಕ್ಕಿಂತ ಒಂದು ಮಟ್ಟ ತಿಳಿಯಾಗಿಯೇ ಇಡು. ಪರದೆಯನ್ನು ನಂಬಬೇಡ, ಮುಖಪುಟ ಅಚ್ಚಾಗುವ ಅದೇ ಆರ್ಟ್ ಕಾರ್ಡಿನ (ನುಣುಪಾದ ದಪ್ಪ ಕಾಗದ) ಮೇಲೆ ಲ್ಯಾಮಿನೇಷನ್ ಸಮೇತ ಒಂದು ಪ್ರತಿ ಕೇಳು.

ಮನೆಯವರ ಪುಸ್ತಕಕ್ಕೆ ಕಾಗದಪತ್ರ ಯಾಕೆ ಅನ್ನಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರದ ಹಕ್ಕು ಬಿಡಿಸಿದವರದು. ಆದರೆ ಯಾರೋ ಹೇಳಿ, ಹಣ ಕೊಟ್ಟು ಬಿಡಿಸಿಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದರೆ ಹಕ್ಕು ಅವರಿಗೇ ಹೋಗುತ್ತದೆ. ಪ್ರಕಾಶಕರು ಸಂಭಾವನೆ ಕೊಡುವುದಾದರೆ ‘ಹಕ್ಕು ಚಿತ್ರಕಾರರದು, ಬಳಕೆ ಈ ಕಾದಂಬರಿಯ ಮುಖಪುಟಕ್ಕೆ ಮಾತ್ರ’ ಎಂದು ಬರೆಸಿಕೋ. ಚಿಕ್ಕಮ್ಮನ ಹತ್ತಿರ ಚಿತ್ರ ಹೇಗಿರಬೇಕೆಂದು ಕೇಳಬೇಡ, ಯಾವುದನ್ನು ತೋರಿಸಬಾರದೆಂದು ಕೇಳು. ಅವರಿಗೆ ಬೇಸರವಾದೀತೆಂದು ಕೆಟ್ಟ ಸಲಹೆಗೂ ತಲೆಯಾಡಿಸುವ ಅಪಾಯ ಸಂಬಂಧಿಕರಲ್ಲೇ ಹೆಚ್ಚು.

ಎಂಟನೇ ಕರಡಿನ ಜೊತೆ ಟ್ರೇಸಿಂಗ್ ಹಾಳೆಯೂ ಬರಲಿ. ಕಿರೀಟ ಬೇಡ. ಆ ಕಾದಂಬರಿಯಲ್ಲಿ ಒಂದು ಯಕ್ಷಗಾನದ ಆಟವೂ ನಡೆಯುವುದಿಲ್ಲವಲ್ಲ, ಮಾರಾಯ್ತಿ!