ಚದರಡಿ ದರವನ್ನು ನಾವು ಕೈಬಿಡುತ್ತಿದ್ದೇವೆ

ಮಾನ್ಯ ಗ್ರಾಹಕರಿಗೆ, ಕಲಬುರಗಿಯ ನಮ್ಮ ಬಡಗಿಗಳ ಸಂಘದ ಶರಣು ಶರಣಾರ್ಥಿಗಳು.

ಬರುವ ಯುಗಾದಿಯಿಂದ ನಮ್ಮಲ್ಲಿ ಗೋಡೆ ಕಪಾಟು, ಅಡುಗೆಮನೆಯ ಕಪಾಟು, ಅಟ್ಟದ ಬಾಗಿಲು, ದೇವರ ಗೂಡು ಹೀಗೆ ಮನೆಯ ಅಳತೆಗೆ ಮಾಡಿ ಗೋಡೆಗೇ ಕೂರಿಸುವ ಯಾವ ಕೆಲಸಕ್ಕೂ ಚದರಡಿ ದರ ಇರುವುದಿಲ್ಲ. ಪ್ಲೈವುಡ್ ಹಲಗೆ ಎಷ್ಟು, ಅದರ ಮೇಲೆ ಅಂಟಿಸುವ ಸನ್‌ಮೈಕ ಎಷ್ಟು, ಬಿಜಾಗರಿ ಎಷ್ಟು, ಬಡಗಿಯ ಕೂಲಿ ಎಷ್ಟು ದಿನದ್ದು ಎಂದು ಒಂದೊಂದನ್ನೂ ಬಿಡಿಸಿ ಬರೆದ ಅಂದಾಜು ಪಟ್ಟಿಯನ್ನು ಕೆಲಸ ಹಿಡಿಯುವ ಮೊದಲೇ ನಿಮ್ಮ ಕೈಗೆ ಕೊಡುತ್ತೇವೆ. ಇದರಿಂದ ಕೆಲವರ ಖರ್ಚು ಇಳಿಯುತ್ತದೆ, ಕೆಲವರದು ಏರುತ್ತದೆ. ಏರುವವರ ಮುಂದೆ ಕಾರಣ ಹೇಳದೆ ಪಟ್ಟಿ ಇಡುವುದು ಸರಿಯಲ್ಲ ಎಂದು ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ಕಾರ್ಖಾನೆಗೆ ಬಂದವರ ಮೊದಲ ಮಾತೇ ‘ಚದರಡಿಗೆ ಎಷ್ಟು?’ ಎಂಬುದು. ನಾವೂ ಒಂದೇ ಉಸಿರಿನಲ್ಲಿ ‘ಸಾವಿರದ ಮುನ್ನೂರು’ ಎನ್ನುತ್ತಿದ್ದೆವು. ಕಪಾಟಿನ ಎದುರು ಭಾಗದ ಅಗಲವನ್ನು ಎತ್ತರದಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಕೇಳುವವರಿಗೂ ಸುಲಭ, ಹೇಳುವವರಿಗೂ ಸುಲಭ. ಆದರೆ ಆ ಲೆಕ್ಕ ಕಪಾಟಿನ ಮುಖವನ್ನಷ್ಟೇ ಅಳೆಯುತ್ತದೆ, ಹೊಟ್ಟೆಯನ್ನು ಅಳೆಯುವುದಿಲ್ಲ. ಹಣ ಹೋಗುವುದೆಲ್ಲ ಹೊಟ್ಟೆಗೆ.

ಎರಡು ಕಪಾಟುಗಳನ್ನು ನೋಡಿ. ಎರಡೂ 6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳ. ಮೂರು ಖಾನೆ, ಮೂರು ಬಾಗಿಲು. ಮುಖ 42 ಚದರಡಿ. ಹಳೆಯ ದರದಲ್ಲಿ ಎರಡಕ್ಕೂ 54,600 ರೂಪಾಯಿ. ಮೊದಲನೆಯದರಲ್ಲಿ ಆರು ಅಡ್ಡಹಲಗೆ, ಬಟ್ಟೆ ತೂಗುಹಾಕಲು ಒಂದು ಸರಳು ಇವೆ. ಅದಕ್ಕೆ 18 ಮಿಲಿಮೀಟರ್ ದಪ್ಪದ ಹಲಗೆ 146 ಚದರಡಿ ಬೇಕು. ಒಂದು ಹಲಗೆ 8 ಅಡಿಗೆ 4 ಅಡಿ, ಅಂದರೆ 32 ಚದರಡಿ. ಐದು ಹಲಗೆಯಲ್ಲಿ ಕೆಲಸ ಆಗುತ್ತದೆ. ಎರಡನೆಯದರಲ್ಲಿ ಹತ್ತು ಅಡ್ಡಹಲಗೆ, ಅದರ ಜೊತೆಗೆ ನಾಲ್ಕು ಡ್ರಾಯರ್. ಹಲಗೆ ಆರು ಬೇಕಾಗುತ್ತದೆ. ಡ್ರಾಯರಿನ ಪೆಟ್ಟಿಗೆಗೆ 12 ಮಿಲಿಮೀಟರಿನದು ಬೇರೆ, ಡ್ರಾಯರ್ ಜಾರಿ ಬರಲು ಎರಡು ಬದಿಗೆ ಹಾಕುವ ಚಾನೆಲ್ ನಾಲ್ಕು ಜೊತೆ ಬೇರೆ, ಒಳಮೈಗೆ ಅಂಟಿಸುವ ಸನ್‌ಮೈಕ ಇನ್ನೆರಡು ಹಾಳೆ, ಮೇಸ್ತ್ರಿ ಮತ್ತು ಸಹಾಯಕರದು ಇನ್ನು ಮೂರು ದಿನ. ಡ್ರಾಯರ್ ನೋಡಲು ಸಣ್ಣ ಪೆಟ್ಟಿಗೆ. ಆದರೆ ಅದರ ನಾಲ್ಕು ಬದಿ, ತಳ, ಮುಖ ಎಲ್ಲವನ್ನೂ ಬೇರೆ ಬೇರೆ ಕೊಯ್ದು, ಮೂಲೆ ಸರಿಯಾಗಿ ಕೂಡಿಸಿ, ಎರಡು ಬದಿಯ ಚಾನೆಲ್ ಒಂದೇ ಮಟ್ಟದಲ್ಲಿ ಕೂರಿಸಬೇಕು. ಒಂದು ಬದಿ ಎರಡು ಮಿಲಿಮೀಟರ್ ಮೇಲಾದರೂ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ.

ಬಿಡಿಸಿ ಲೆಕ್ಕ ಹಾಕಿದಾಗ ಮೊದಲನೆಯದು 51,150 ರೂಪಾಯಿಗೆ ಬಂತು, ಎರಡನೆಯದು 68,860ಕ್ಕೆ. ಇದರಲ್ಲಿ ಸಂಘದ ಬಾಡಿಗೆ, ವಿದ್ಯುತ್ತು, ಯಂತ್ರಗಳ ರಿಪೇರಿಗೆಂದು ಸೇರಿಸುವ ನೂರಕ್ಕೆ ಹತ್ತು ಪಾಲು ಕೂಡ ಇದೆ. ಅಂದರೆ ಸರಳವಾದ ಕಪಾಟು ಸಾಕೆಂದವರಿಂದ ನಾವು 3,450 ರೂಪಾಯಿ ಹೆಚ್ಚು ಪಡೆಯುತ್ತಿದ್ದೆವು, ನಾಲ್ಕು ಡ್ರಾಯರ್ ಕೇಳಿದವರಿಂದ 14,260 ರೂಪಾಯಿ ಕಡಿಮೆ. ಒಬ್ಬರ ಮನೆಯ ಖರ್ಚನ್ನು ಇನ್ನೊಬ್ಬರ ಮನೆ ಹೊರುತ್ತಿತ್ತು. ಉಳಿದ ಕೊರತೆ ತುಂಬಿಕೊಳ್ಳಲು ನಾವು ಹಿಡಿದ ದಾರಿಯನ್ನು ಇಲ್ಲಿ ಮುಚ್ಚಿಡದೆ ಬರೆಯಬೇಕು.

ಜೇವರ್ಗಿ ರಸ್ತೆಯ ಒಂದು ಮನೆಗೆ ಮಾಡಿಕೊಟ್ಟ ಕಪಾಟಿನಲ್ಲಿ ದರ ಮೀರಬಾರದೆಂದು ಅಡ್ಡಹಲಗೆಗಳನ್ನು 18ರ ಬದಲು 12 ಮಿಲಿಮೀಟರಿನದರಲ್ಲಿ ಹಾಕಿದ್ದೆವು. ಎರಡು ಮಳೆಗಾಲ ಕಳೆದ ಮೇಲೆ ಆ ಮನೆಯ ತಾಯಿ ಕರೆ ಕಳುಹಿಸಿದರು. ಹೋದವರಿಗೆ ಮೊದಲು ಚಹಾ ಕೊಟ್ಟರು. ಆಮೇಲೆ ಕಪಾಟು ತೆರೆದು, ಏನೂ ಮಾತನಾಡದೆ, ಮೂರು ಅಡಿ ಉದ್ದದ ಅಡ್ಡಹಲಗೆಯ ಮೇಲಿದ್ದ ಇಳಕಲ್ ಸೀರೆಗಳನ್ನೂ ಎರಡು ಕೌದಿಗಳನ್ನೂ ತೆಗೆದು ಮಂಚದ ಮೇಲೆ ಇಟ್ಟರು. ಭಾರ ತೆಗೆದ ಮೇಲೂ ಹಲಗೆ ತೊಟ್ಟಿಲಿನಂತೆ ಬಾಗಿಯೇ ಇತ್ತು. ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಹಿಡಿದಾಗ ನಡುವೆ ಕಿರುಬೆರಳು ತೂರುವಷ್ಟು ಸಂದು. ಎಲ್ಲ ಅಡ್ಡಹಲಗೆಗಳನ್ನೂ ನಮ್ಮ ಖರ್ಚಿನಲ್ಲಿ ಬದಲಿಸಿಕೊಟ್ಟೆವು. ಅವರು ಸಿಟ್ಟಾಗಲಿಲ್ಲ, ‘ಮೊದಲೇ ಹೇಳಿದ್ದರೆ ನಾನೇ ಹೆಚ್ಚು ಕೊಡುತ್ತಿದ್ದೆ’ ಎಂದರು. ಆ ಮಾತು ನಮ್ಮನ್ನು ಇಲ್ಲಿಯವರೆಗೆ ಕರೆತಂದಿದೆ.

ಹಲಗೆಯ ದಪ್ಪದಲ್ಲಿ ಮಾಡುವ ಉಳಿತಾಯ ಏಕೆ ಕೆಟ್ಟದ್ದೆಂದರೆ, ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದಂತೆ ಬದಲಾಗುತ್ತದೆ, ಅಂದರೆ ದಪ್ಪ ಎರಡರಷ್ಟಾದರೆ ಅದು ಎಂಟರಷ್ಟಾಗುತ್ತದೆ. 12ರಿಂದ 18 ಮಿಲಿಮೀಟರಿಗೆ ಹೋದರೆ ದಪ್ಪ ಒಂದೂವರೆ ಪಟ್ಟು, ಆದರೆ ಅದೇ ಭಾರಕ್ಕೆ ಬಾಗುವುದು ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಉದ್ದದ ವಿಷಯ ಇದಕ್ಕೆ ತದ್ವಿರುದ್ಧ: ಅಷ್ಟೇ ಭಾರವನ್ನು ಎರಡರಷ್ಟು ಉದ್ದದ ಹಲಗೆಯ ಮೇಲಿಟ್ಟರೆ ಅದು ಎಂಟರಷ್ಟು ಬಾಗುತ್ತದೆ. ಹೀಗಾಗಿ ಎರಡೂವರೆ ಅಡಿಗಿಂತ ಅಗಲದ ಖಾನೆಗೆ ನಡುವೆ ಆಧಾರವಿಲ್ಲದೆ ಅಡ್ಡಹಲಗೆ ಹಾಕುವುದನ್ನು ನಿಲ್ಲಿಸಿದ್ದೇವೆ. ನೀವು ಒತ್ತಾಯಿಸಿದರೂ ಹಾಕುವುದಿಲ್ಲ.

ಇನ್ನು ಪ್ಲೈವುಡ್ಡಿನ ದರ್ಜೆ. ಇದನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ, ಏಕೆಂದರೆ ಮೇಲೆ ಸನ್‌ಮೈಕ ಬಿದ್ದ ಮೇಲೆ ಎಲ್ಲ ಹಲಗೆಯೂ ಒಂದೇ ತರಹ ಕಾಣುತ್ತದೆ. ಐಎಸ್ 303 ಎಂಬ ಮಾನಕದಲ್ಲಿ ಎರಡು ದರ್ಜೆ ಇವೆ: ತೇವಾಂಶ ತಡೆಯುವ ಎಂಆರ್, ಕುದಿನೀರು ತಡೆಯುವ ಬಿಡಬ್ಲ್ಯೂಆರ್. ಅದಕ್ಕೂ ಮೇಲಿನದು ಐಎಸ್ 710, ಅಂದರೆ ಮರೈನ್ ಪ್ಲೈ. ಬಿಡಬ್ಲ್ಯೂಆರ್‌ನ ಅಂಟನ್ನು 8 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ, ಮರೈನ್ ಹಲಗೆಯದನ್ನು 72 ಗಂಟೆ. ಮಲಗುವ ಕೋಣೆಯ ಕಪಾಟಿಗೆ ಮರೈನ್ ಬೇಕಿಲ್ಲ, ಬಿಡಬ್ಲ್ಯೂಆರ್ ಧಾರಾಳವಾಗಿ ಸಾಕು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಮತ್ತು ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟ ಕಪಾಟಿಗೆ ಮಾತ್ರ ಮರೈನ್ ಹಾಕಿಸಿಕೊಳ್ಳಿ. ಇಡೀ ಮನೆಗೆ ಮರೈನ್ ಹಾಕಿಸುವಂತೆ ನಿಮಗೆ ಯಾರಾದರೂ ಹೇಳಿದರೆ, ಆ ಹಣವನ್ನು ಒಳ್ಳೆಯ ಬಿಜಾಗರಿಗೆ ಹಾಕಿ. 7 ಅಡಿ ಎತ್ತರದ ಬಾಗಿಲಿಗೆ ಕನಿಷ್ಠ ನಾಲ್ಕು ಬಿಜಾಗರಿ ಬೇಕು. ಮೂರರಲ್ಲಿ ಮುಗಿಸಿದ ಬಾಗಿಲು ವರ್ಷ ತುಂಬುವುದರೊಳಗೆ ಜೋಲುತ್ತದೆ.

ಬಣ್ಣ ನೋಡಿ ಹಲಗೆ ಆರಿಸಬೇಡಿ. ಒಳ್ಳೆಯ ಪ್ಲೈವುಡ್ಡಿನ ಮೇಲ್ಪದರಕ್ಕೆ ಬಳಸುತ್ತಿದ್ದ ಗರ್ಜನ್ ಮರ ಮ್ಯಾನ್ಮಾರ್‌ನಿಂದ ಬರುತ್ತಿತ್ತು, ಅದರ ಬಣ್ಣ ಕೆಂಪು. 2014ರ ಏಪ್ರಿಲ್ 1ರಿಂದ ಆ ದೇಶ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಹಲಗೆ ಕೆಂಪಗೆ ಕಾಣಿಸಲು ಬಣ್ಣ ಸಾಕು, ಆ ಮರವೇ ಬೇಕಿಲ್ಲ. ಹಲಗೆಯ ಅಂಚು ನೋಡಿ. ಪದರಗಳ ನಡುವೆ ಸಂದು, ತೂತು ಕಂಡರೆ ಬೇಡವೆನ್ನಿ. ಐಎಸ್ಐ ಮುದ್ರೆ ನೋಡಿ. ಕೊಯ್ಯುವ ಮೊದಲು ಒಮ್ಮೆ ಕಾರ್ಖಾನೆಗೆ ಬನ್ನಿ, ನಿಮ್ಮ ಹಲಗೆಗಳನ್ನು ಬೇರೆ ಇಟ್ಟು ತೋರಿಸುತ್ತೇವೆ. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳೂ ನಿಮ್ಮವೇ, ಮನೆಗೆ ತಂದುಕೊಡುತ್ತೇವೆ.

ಕೂಲಿಯ ಬಗ್ಗೆ ಹೆಚ್ಚು ಪ್ರಶ್ನೆ ಬರುತ್ತದೆಂದು ಗೊತ್ತು. ‘ಅಂಗಡಿಯಲ್ಲಿ ಸಿದ್ಧ ಕಪಾಟು ಅರ್ಧ ಬೆಲೆಗೆ ಸಿಗುತ್ತದಲ್ಲ’ ಎನ್ನುತ್ತೀರಿ. ಸಿಗುತ್ತದೆ. ಆದರೆ ಅದು ಗೋಡೆಗೆ ಕೂರುವುದಿಲ್ಲ, ಗೋಡೆಯ ಮುಂದೆ ನಿಲ್ಲುತ್ತದೆ. ನಮ್ಮ ಊರಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಪಾಯ ಆಳವಿಲ್ಲದ ಮನೆಗಳ ಗೋಡೆ ಅದರೊಂದಿಗೆ ಅಲ್ಪಸ್ವಲ್ಪ ಸರಿಯುತ್ತಲೇ ಇರುತ್ತದೆ. ಹೊಸ ಮನೆಯಲ್ಲೂ ಗೋಡೆಯ ಗಿಲಾಯಿ (ಪ್ಲಾಸ್ಟರ್) ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಮೇಲಿನಿಂದ ತೂಗುಗುಂಡು ಇಳಿಬಿಟ್ಟು ನೋಡಿದರೆ, ದಾರ ಮೇಲೆ ಗೋಡೆಗೆ ತಾಗಿರುತ್ತದೆ, ಕೆಳಗೆ ಹೆಬ್ಬೆರಳು ಅಗಲ ದೂರ ನಿಂತಿರುತ್ತದೆ. ಮೂಲೆಮಟ್ಟ ಇಟ್ಟರೆ ಮೂಲೆ ತೊಂಬತ್ತು ಡಿಗ್ರಿ ಇರುವುದಿಲ್ಲ. ಕಪಾಟಿನ ಪೆಟ್ಟಿಗೆಯನ್ನು ಮಾತ್ರ ನಾವು ನೆಟ್ಟಗೆ, ಮಟ್ಟಸವಾಗಿಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ನೆಟ್ಟಗಿರುವ ಪೆಟ್ಟಿಗೆಗೂ ವಾಲಿದ ಗೋಡೆಗೂ ನಡುವಿನ ಸಂದನ್ನು ಮುಚ್ಚುವ ಮರದ ಪಟ್ಟಿಯನ್ನು ಗೋಡೆಗೆ ಹಿಡಿದು, ಗೋಡೆಯ ಏರಿಳಿತವನ್ನು ಪೆನ್ಸಿಲ್ಲಿನಿಂದ ಅದರ ಮೇಲೆ ಎಳೆದುಕೊಂಡು, ಆ ಗೆರೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಕೆತ್ತುತ್ತಾ, ಮತ್ತೆ ಹಿಡಿದು ನೋಡುತ್ತಾ ಕೂರಿಸಬೇಕು. ಒಂದೇ ಪಟ್ಟಿಗೆ ಅರ್ಧ ದಿನ ಹೋದದ್ದುಂಟು. ಮುಗಿದಾಗ ಅಲ್ಲಿ ಏನೂ ಕಾಣುವುದಿಲ್ಲ. ಆ ಅರ್ಧ ದಿನವನ್ನು ಇನ್ನು ಮುಂದೆ ಅಂದಾಜು ಪಟ್ಟಿಯಲ್ಲಿ ಬರೆಯುತ್ತೇವೆ. ಮೇಸ್ತ್ರಿಗೆ ದಿನಕ್ಕೆ 1,200, ಸಹಾಯಕರಿಗೆ 700 ರೂಪಾಯಿ.

ಅಡುಗೆಮನೆಯಲ್ಲಿ ನೀವು ನಿಜವಾಗಿ ಹಣ ಉಳಿಸಬಹುದು. ನಮ್ಮಲ್ಲಿ ಶಹಾಬಾದ್ ಕಲ್ಲು ಕೈಗೆಟುಕುವ ದೂರದಲ್ಲೇ ಸಿಗುತ್ತದೆ. ಕಟ್ಟೆ ಕಟ್ಟಿಸುವಾಗಲೇ ಕೆಳಗಿನ ಅಡ್ಡ ತಡೆಗಳನ್ನೂ ತಳವನ್ನೂ ಆ ಕಲ್ಲಿನಲ್ಲೇ ಮಾಡಿಸಿದರೆ ನಾವು ಮುಂದಿನ ಚೌಕಟ್ಟು ಮತ್ತು ಬಾಗಿಲುಗಳನ್ನಷ್ಟೇ ಮಾಡಿದರೆ ಸಾಕು. ಕಲ್ಲು ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ವರ್ಷಕ್ಕಾಗುವಷ್ಟು ಜೋಳ, ತೊಗರಿಬೇಳೆ ಡಬ್ಬಿಗಳಲ್ಲಿ ತುಂಬಿಡುವ ಮನೆಗೆ ಕಲ್ಲಿನ ತಳದಂಥದ್ದು ಬೇರೆ ಇಲ್ಲ. ಕಟ್ಟೆಯ ಮೇಲೆ ದಿನವೂ ರೊಟ್ಟಿ ಬಡಿಯುವವರು ಆ ಜಾಗವನ್ನು ಮೊದಲೇ ನಮಗೆ ತೋರಿಸಿ. ಅದರ ನೇರ ಕೆಳಗೆ ಡ್ರಾಯರ್ ಬೇಡ. ನಿತ್ಯದ ಅದುರುವಿಕೆಗೆ ಚಾನೆಲಿನ ಸ್ಕ್ರೂ ಸಡಿಲಾಗುತ್ತವೆ, ನಾವೇ ಹೋಗಿ ಬಿಗಿಮಾಡಿ ಬಂದಿದ್ದೇವೆ. ಹಳೆಯ ಚದರಡಿ ಲೆಕ್ಕದಲ್ಲಿ ಕಲ್ಲಿನ ಒಡಲಿಗೆ ಬಾಗಿಲು ಕೂರಿಸಿದರೂ ಮರದ ಒಡಲು ಮಾಡಿದರೂ ನಿಮಗೆ ಹೇಳುತ್ತಿದ್ದ ದರದಲ್ಲಿ ದೊಡ್ಡ ಅಂತರ ಇರುತ್ತಿರಲಿಲ್ಲ. ಇನ್ನು ಮುಂದೆ ಆ ಉಳಿತಾಯ ನಿಮ್ಮ ಪಟ್ಟಿಯಲ್ಲೇ ಕಾಣುತ್ತದೆ.

ಗೆದ್ದಲಿನ ಮಾತು ಬಂದದ್ದರಿಂದ ಇನ್ನೊಂದು: ಯಾವ ಕೋಣೆಯ ಕಪಾಟಾದರೂ ನೆಲಕ್ಕೆ ಮರ ತಾಗಿಸುವುದಿಲ್ಲ. ನಾಲ್ಕು ಅಂಗುಲದ ಕಲ್ಲಿನ ಪೀಠ ಮಾಡಿ ಅದರ ಮೇಲೆ ಕೂರಿಸುತ್ತೇವೆ. ಅದು ಗೌಂಡಿಯ ಕೆಲಸ, ಮೊದಲೇ ಹೇಳಿಸಿಟ್ಟರೆ ಒಳ್ಳೆಯದು.

ಹೊಸ ಪದ್ಧತಿ ಹೀಗೆ ನಡೆಯುತ್ತದೆ. ಅಳತೆಗೆ ಬಂದಾಗ 1,000 ರೂಪಾಯಿ ತೆಗೆದುಕೊಳ್ಳುತ್ತೇವೆ. ಕೆಲಸ ನಮಗೇ ಕೊಟ್ಟರೆ ಅದು ಬಿಲ್ಲಿನಲ್ಲಿ ಕಳೆದುಹೋಗುತ್ತದೆ, ಕೊಡದಿದ್ದರೆ ನಕ್ಷೆ ಮತ್ತು ಪಟ್ಟಿ ನಿಮ್ಮ ಬಳಿಯೇ ಇರಲಿ, ಬೇರೆ ಬಡಗಿಗೆ ತೋರಿಸಬಹುದು. ಪಟ್ಟಿಯ ದರ 21 ದಿನ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ದಿನ ಮಾತು ಕೊಡಲಾಗದು. ನಾವು ಬಳಸುವ ಹಲಗೆ ಹರಿಯಾಣದ ಯಮುನಾನಗರ, ಕೇರಳದ ಪೆರುಂಬಾವೂರಿನಂಥ ದೂರದ ಊರುಗಳಿಂದ ಬರುತ್ತದೆ. ಅಲ್ಲಿ ಪಾಪ್ಲರ್, ನೀಲಗಿರಿ, ರಬ್ಬರ್ ಮರದ ಬೆಲೆ ಏರಿದರೂ ಲಾರಿ ಬಾಡಿಗೆ ಏರಿದರೂ ಇಲ್ಲಿ ತಟ್ಟುತ್ತದೆ. ಪ್ಲೈವುಡ್ಡಿನ ಮೇಲಿನ ಶೇ 18ರ ಜಿಎಸ್‌ಟಿಯನ್ನು ಹಲಗೆಯ ದರದಲ್ಲಿ ಸೇರಿಸಿಯೇ ಬರೆದಿರುತ್ತೇವೆ.

ಮುಂಗಡದ ಕ್ರಮವೂ ಬದಲಾಗಿದೆ. ಮೊದಲು ಅರ್ಧ ಹಣ ಕೇಳುತ್ತಿದ್ದೆವು. ಈಗ ಪಟ್ಟಿ ಒಪ್ಪಿದಾಗ ಶೇ 10, ಹಲಗೆ ಬಂದು ನೀವು ಕಣ್ಣಾರೆ ನೋಡಿದ ಮೇಲೆ ಶೇ 50, ಪೆಟ್ಟಿಗೆಗಳು ಗೋಡೆಗೆ ಕೂತಾಗ ಶೇ 30. ಉಳಿದ ಶೇ 10ನ್ನು ಕೆಲಸ ಮುಗಿದು ಒಂದು ತಿಂಗಳ ನಂತರ, ಬಾಗಿಲುಗಳ ಸಂದು ಸರಿ ಇದೆಯೆಂದು ನಿಮಗೆ ಒಪ್ಪಿಗೆಯಾದ ಮೇಲೆ ಕೊಡಿ. ಪಟ್ಟಿಗಿಂತ ಹೆಚ್ಚು ಹಲಗೆ ಬೇಕಾದರೆ, ಅದು ನಮ್ಮ ಅಳತೆಯ ತಪ್ಪಾಗಿದ್ದರೆ, ಖರ್ಚು ನಮ್ಮದು. ಕೆಲಸದ ನಡುವೆ ನೀವು ಡ್ರಾಯರ್ ಸೇರಿಸಿದರೆ ಪಟ್ಟಿಗೆ ಇನ್ನೊಂದು ಸಾಲು ಬರೆದು ಸಹಿ ಹಾಕಿಸಿಕೊಂಡೇ ಮುಂದುವರಿಯುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ, ಅಡ್ಡಹಲಗೆ 18 ಮಿಲಿಮೀಟರಿನದೇ ಹಾಕುತ್ತೇವೆ. ಅವರಲ್ಲಿ ಯಾರ ಕಪಾಟು ಸರಳವಾಗಿದೆಯೋ ಅವರು ಹೊಸ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು. ರಸೀದಿ ತೆಗೆದುಕೊಂಡು ಬನ್ನಿ, ಎರಡೂ ಲೆಕ್ಕ ಎದುರಿಗೇ ಹಾಕಿ ಕಡಿಮೆ ಬಂದದ್ದನ್ನು ಒಪ್ಪಿಕೊಳ್ಳೋಣ. ಹಿಂದೆ ನಾವು ಮಾಡಿದ ಕಪಾಟಿನಲ್ಲಿ ಅಡ್ಡಹಲಗೆ ಬಾಗಿದ್ದರೆ ದಯವಿಟ್ಟು ತಿಳಿಸಿ. ಶರಣಬಸವೇಶ್ವರರ ಜಾತ್ರೆಯ ರಜೆ ಮುಗಿದ ಮೇಲೆ ಒಂದೊಂದೇ ಮನೆಗೆ ಬಂದು ಬದಲಿಸಿಕೊಡುತ್ತೇವೆ, ಅದಕ್ಕೆ ಹಣ ಇಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘದ ಎಲ್ಲ ಬಡಗಿಗಳ ಪರವಾಗಿ
ಕಾರ್ಯದರ್ಶಿ